ಐಪಿ ವಿಳಾಸ ಸಿಕ್ಕಿತು, ಪಿಂಗ್ ಮಾತ್ರ ಹೋಗಲಿಲ್ಲ

ಒಂದು ಕಂಪ್ಯೂಟರ್‌ನಲ್ಲಿ ಮೊಬೈಲ್ ಜಾಲದ ಕೇಂದ್ರ ಭಾಗವಾದ ಕೋರ್ ಅನ್ನು ನಡೆಸುವ ಓಪನ್‌5ಜಿಎಸ್ ತಂತ್ರಾಂಶ, ಮತ್ತೊಂದರಲ್ಲಿ ಟವರ್ ಮತ್ತು ಫೋನನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಯುಇರ್ಯಾನ್‌ಸಿಮ್. ಇಷ್ಟನ್ನು ಮನೆಯ ಮೇಜಿನ ಮೇಲೆ ಹೂಡಿ 5ಜಿ ಕಲಿಯಲು ಕುಳಿತಿದ್ದೆ. ಫೋನಿನ ನೋಂದಣಿ ಆಯಿತು, 10.45.0.2 ಎಂಬ ವಿಳಾಸವೂ ಸಿಕ್ಕಿತು. ಸಂಪರ್ಕ ಪರೀಕ್ಷಿಸಲು ಪಿಂಗ್ ಎಂಬ ಪುಟ್ಟ ಸಂದೇಶ ಕಳುಹಿಸಿದರೆ ಉತ್ತರವೇ ಇಲ್ಲ.

ಫೋನಿನ ಒಳ ವಿಳಾಸವನ್ನು ಹೊರ ಜಾಲದ ವಿಳಾಸಕ್ಕೆ ಬದಲಿಸುವ ನ್ಯಾಟ್ ನಿಯಮದಲ್ಲಿ ತಪ್ಪಿರಬೇಕೆಂದು ಒಂದು ಸಂಜೆಯೆಲ್ಲ ಅದನ್ನೇ ತಿದ್ದಿದೆ. ಕೊನೆಗೆ ಕೋರ್ ಯಂತ್ರದಲ್ಲಿ, ಜಾಲದಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದೆ. ಟವರ್ ಮತ್ತು ಎಎಂಎಫ್ (ಫೋನಿನ ನೋಂದಣಿ ನೋಡಿಕೊಳ್ಳುವ ಕೋರ್‌ನ ಭಾಗ) ನಡುವಿನ ಸಿಗ್ನಲಿಂಗ್, ಅಂದರೆ ನಿಯಂತ್ರಣ ಸಂದೇಶಗಳ ವಿನಿಮಯ, ಎಸ್‌ಸಿಟಿಪಿ ಎಂಬ ಸಾಗಣೆ ವಿಧಾನದ ಪೋರ್ಟ್ 38412ರಲ್ಲಿ ಸರಾಗವಾಗಿ ನಡೆದಿತ್ತು. ಬಳಕೆದಾರರ ಡೇಟಾವನ್ನು ಹೊದಿಕೆಯೊಳಗಿಟ್ಟು ಹೊತ್ತ ಜಿಟಿಪಿ-ಯು ಪ್ಯಾಕೆಟ್‌ಗಳು ಬರಬೇಕಾದ ಯುಡಿಪಿ ಪೋರ್ಟ್ 2152 ಬರಿದಾಗಿತ್ತು. ನ್ಯಾಟ್‌ವರೆಗೆ ತಲುಪುವ ಮಾತಿರಲಿ, ಡೇಟಾ ಕೋರ್‌ನ ಬಾಗಿಲಿಗೇ ಬಂದಿರಲಿಲ್ಲ.

ಕಾರಣ ಸಿಕ್ಕಿದ್ದು ಸಿಗ್ನಲಿಂಗ್‌ನ ಒಳಗೆ. ಪಿಡಿಯು ಸೆಷನ್ (ಫೋನಿನ ಡೇಟಾ ಸಂಪರ್ಕ) ತೆರೆಯುವಾಗ ಎಎಂಎಫ್ ಟವರಿಗೆ ಕಳುಹಿಸುವ ಸಂದೇಶದಲ್ಲಿ, ಡೇಟಾವನ್ನು ಯಾವ ವಿಳಾಸಕ್ಕೆ, ಯಾವ ಟನೆಲ್ ಸಂಖ್ಯೆ ಹಾಕಿ ಕಳುಹಿಸಬೇಕು ಎಂಬ ವಿವರ ಇರುತ್ತದೆ. ಬಿಡಿಸಿ ನೋಡಿದರೆ ಅಲ್ಲಿದ್ದದ್ದು 127.0.0.7! ಟವರೂ ಕೋರೂ ಒಂದೇ ಯಂತ್ರದಲ್ಲಿದ್ದರೆ ಮಾತ್ರ ನಡೆಯುವ ಈ ವಿಳಾಸ, ಡೇಟಾವನ್ನು ಸಾಗಿಸುವ ಕೋರ್‌ನ ಭಾಗವಾದ ಯುಪಿಎಫ್‌ನ ಸೆಟ್ಟಿಂಗ್ ಕಡತದಲ್ಲಿ ಮೊದಲಿನಿಂದಲೇ ಇರುತ್ತದೆ. ಎಎಂಎಫ್‌ನ ವಿಳಾಸ ಬದಲಿಸಿದ್ದ ನಾನು ಇದನ್ನು ಹಾಗೆಯೇ ಬಿಟ್ಟಿದ್ದೆ. 127ರಿಂದ ಆರಂಭವಾಗುವ ವಿಳಾಸ ಎಂದರೆ ಯಾವ ಯಂತ್ರಕ್ಕೂ ತಾನೇ ಎಂದರ್ಥ. ಟವರ್ ಪ್ರತಿ ಪ್ಯಾಕೆಟ್ಟನ್ನೂ ತನ್ನೊಳಗೇ ಸುರಿದುಕೊಳ್ಳುತ್ತಿತ್ತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ವಿಳಾಸ ಸಾಗಿ ಬಂದ ಬಗೆ. ಯುಪಿಎಫ್ ಅದನ್ನು ಪೋರ್ಟ್ 8805ರ ಪಿಎಫ್‌ಸಿಪಿ ಎಂಬ ಸಂವಹನ ನಿಯಮದ ಮೂಲಕ, ಸೆಷನ್‌ಗಳನ್ನು ನಿರ್ವಹಿಸುವ ಎಸ್‌ಎಂಎಫ್‌ಗೆ ಹೇಳಿತು, ಎಸ್‌ಎಂಎಫ್ ಎಎಂಎಫ್‌ಗೆ ಕೊಟ್ಟಿತು, ಎಎಂಎಫ್ ಟವರಿಗೆ ದಾಟಿಸಿತು. ಡೇಟಾದ ದಾರಿಯನ್ನು ಗೊತ್ತುಮಾಡುವಾಗ ಇವರಲ್ಲಿ ಒಬ್ಬರೂ ಆ ದಾರಿಯಲ್ಲಿ ನಡೆದು ನೋಡುವುದಿಲ್ಲ. ಆದ್ದರಿಂದಲೇ ಲಾಗ್‌ನಲ್ಲಿ ಎಲ್ಲವೂ ಯಶಸ್ವಿ ಎಂದು ಬರೆದಿತ್ತು. ಟವರ್ ಕೂಡ ಮರು ಉತ್ತರದಲ್ಲಿ ತನ್ನ ವಿಳಾಸ ಮತ್ತು ಸಂಖ್ಯೆಯನ್ನು ಕೊಡುತ್ತದೆ. ಅದು ತಪ್ಪಿದ್ದರೆ ಪಿಂಗ್ ಹೊರಗೆ ಹೋಗಿ, ಉತ್ತರ ಮಾತ್ರ ಫೋನಿಗೆ ಮರಳುವುದಿಲ್ಲ.

4ಜಿಯಲ್ಲೂ ಟವರಿನಿಂದ ಹೊರಡುವಾಗಲೇ ಸಿಗ್ನಲಿಂಗ್ ಮತ್ತು ಡೇಟಾದ ದಾರಿಗಳು ಬೇರೆ. ಆದರೆ ಎಸ್‌ಜಿಡಬ್ಲ್ಯು ಎಂಬ 4ಜಿ ಕೋರ್‌ನ ಭಾಗ ಎರಡನ್ನೂ ನಿಭಾಯಿಸುತ್ತಿತ್ತು. ಅದನ್ನು ಇಬ್ಭಾಗ ಮಾಡುವ ಕ್ರಮ, ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿಯ 14ನೇ ಬಿಡುಗಡೆಯಲ್ಲಿ ಬಂತು. ಡೇಟಾ ಭಾಗವನ್ನಷ್ಟೇ ಬಳಕೆದಾರರ ಹತ್ತಿರಕ್ಕೆ ಒಯ್ಯಲು ಇದರಿಂದ ಸಾಧ್ಯವಾಯಿತು. ಈ ವಿನ್ಯಾಸ ನನಗೆ ಬಹಳ ಇಷ್ಟ.

ಯುಪಿಎಫ್ ಕಡತದ ಒಂದು ಸಾಲು ತಿದ್ದಿ ಮತ್ತೆ ಆರಂಭಿಸಿದೆ. 2152ರಲ್ಲಿ ಮೊದಲ ಪ್ಯಾಕೆಟ್ ಕಾಣಿಸಿತು. ಅದರ ಹೊರಗಿನ ಹೊದಿಕೆಯನ್ನು ಒಂದೊಂದಾಗಿ ಎಣಿಸಿದೆ: ಐಪಿ 20, ಯುಡಿಪಿ 8, ಜಿಟಿಪಿ-ಯು 16, ಒಟ್ಟು 44 ಬೈಟ್. ಅದರೊಳಗೆ 10.45.0.2ರಿಂದ ಹೊರಟ ನನ್ನ ಪಿಂಗ್ ಇತ್ತು.