ಭಾನುವಾರ ನಾಲ್ಕು ಗಂಟೆಗೆ, ಸಪ್ತಾಪುರದ ನಮ್ಮ ಪಡಸಾಲೆಯಲ್ಲಿ

ಧಾರವಾಡದ ಸಪ್ತಾಪುರದಲ್ಲಿ ನಮ್ಮದು ಬಾಡಿಗೆ ಮನೆ. ಪಡಸಾಲೆಯಲ್ಲಿ ಎರಡು ಜಮಖಾನ ಹಾಸಿದರೆ 20 ಜನ ಆರಾಮಾಗಿ ಕೂರಬಹುದು. ಒತ್ತಿಕೊಂಡು ಕೂತರೆ 30. 2011ರಿಂದ ಭಾನುವಾರ ಸಂಜೆ 4 ಗಂಟೆಗೆ ಇಲ್ಲಿ ವಿದ್ಯಾರ್ಥಿಗಳು ಸೇರುತ್ತಾರೆ. ಎರಡು ಹಾಡು, ಪ್ರಾರ್ಥನೆ, ಸತ್ಯವೇದ (ಬೈಬಲ್) ಅಧ್ಯಯನ, ಆಮೇಲೆ ಊಟ. ಆರೂವರೆಗೆ ಹುಡುಗಿಯರು ಹೊರಡಬೇಕು, ಹಾಸ್ಟೆಲ್ ಗೇಟ್ ಹಾಕಿಬಿಡುತ್ತಾರೆ. ನಮ್ಮ ಸಮಯ ಗೊತ್ತಾದದ್ದೇ ಆ ಗೇಟ್ ನೋಡಿಕೊಂಡು.

ನಾನು ಹೈಸ್ಕೂಲ್ ಶಿಕ್ಷಕಿ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದಾರೆ. ನಾವಿಬ್ಬರೂ ಪಾಸ್ಟರ್ ಅಲ್ಲ, ಇದಕ್ಕೆ ಸಂಬಳ ತಗೊಳ್ಳುವವರೂ ಅಲ್ಲ. ಬೇರೆ ಊರಿನ ಕೆಲವರು ಆಗಾಗ ಫೋನ್ ಮಾಡಿ, ನಮ್ಮಲ್ಲೂ ಕಾಲೇಜು ಮಕ್ಕಳ ನಡುವೆ ಇಂಥದ್ದು ಶುರು ಮಾಡಬೇಕು, ನೀವು ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಬರುವವರು ಯಾರು ಅಂತ ಹೇಳಬೇಕು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ., ಎಂ.ಎಸ್ಸಿ. ಓದುವವರು ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಬರುತ್ತಾರೆ. ಕೆಲವರ ಊರಲ್ಲಿ ಕ್ರೈಸ್ತರ ಮನೆ ಅಂದರೆ ಅವರದೊಂದೇ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಕ್ರೈಸ್ತರು ನೂರಕ್ಕೆ 1.87. ಕೃಷಿ ವಿಶ್ವವಿದ್ಯಾಲಯಕ್ಕೆ ಐಸಿಎಆರ್‌ನ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದು ನಾಗಾಲ್ಯಾಂಡ್, ಮಿಜೋರಾಂ, ಕೇರಳದ ಮಕ್ಕಳು ಬರುತ್ತಾರೆ. ನಾಗಾಲ್ಯಾಂಡ್‌ನಲ್ಲಿ ಅದೇ ಲೆಕ್ಕ ನೂರಕ್ಕೆ 88ರ ಹತ್ತಿರ. ಒಬ್ಬನಿಗೆ ಊರಲ್ಲಿ ಹುಟ್ಟಿದಾಗಿನಿಂದ ಒಂಟಿತನವೇ ರೂಢಿ. ಇನ್ನೊಬ್ಬಳಿಗೆ ಮನೆ ಬಿಟ್ಟು ಬಂದ ಮೊದಲ ಭಾನುವಾರವೇ ಅಳು ಬರುತ್ತದೆ, ಯಾಕಂದರೆ ಅವಳ ಊರಲ್ಲಿ ಭಾನುವಾರ ಅಂದರೆ ಇಡೀ ಊರೇ ಚರ್ಚಿನಲ್ಲಿರುತ್ತದೆ. ಇವರಿಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಬೇಕು.

ಧಾರವಾಡಕ್ಕೆ ಇದೇನೂ ಹೊಸದಲ್ಲ. ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದದ್ದು 1837ರಲ್ಲಿ. ಅವರು ಕಟ್ಟಿದ ಶಾಲೆಗಳು, ಚರ್ಚು ಇನ್ನೂ ಇವೆ. ಚರ್ಚಿಗೆ ಹೋಗಿ ಅಂತ ಮಕ್ಕಳಿಗೆ ನಾವೂ ಹೇಳುತ್ತೇವೆ, ಬೆಳಿಗ್ಗೆ ಆರಾಧನೆಗೆ ಕರೆದುಕೊಂಡೂ ಹೋಗುತ್ತೇವೆ. ಆದರೆ 20 ವರ್ಷದ ಹುಡುಗ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಎದ್ದು ಹೋದರೆ ಅವನ ಹೆಸರು ಕೂಡ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಈ ಸಂಜೆ.

ನಾನು ಇದನ್ನು ಕಲಿತದ್ದು ಯು.ಇ.ಎಸ್.ಐ. ಗುಂಪಿನಲ್ಲಿ, ಬಿ.ಎಸ್ಸಿ. ಓದುವಾಗ. 1954ರಲ್ಲಿ ಶುರುವಾದ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ ಅದು. ವಿದ್ಯಾರ್ಥಿಗಳ ಕೆಲಸವನ್ನು ವಿದ್ಯಾರ್ಥಿಗಳೇ ನಡೆಸಬೇಕು, ದೊಡ್ಡವರು ಬೆನ್ನಿಗೆ ನಿಲ್ಲಬೇಕು ಅಂತ ಅಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಮನೆಯಲ್ಲಿ ಶುರು ಮಾಡಿದಾಗ ಪೂರ್ತಿ ಉಲ್ಟಾ ಮಾಡಿದೆ.

ಮೊದಲ ಎರಡು ವರ್ಷ ಹಾಡು ನಾನೇ ಆರಿಸುತ್ತಿದ್ದೆ. ಸಂದೇಶ, ಅಂದರೆ ಪ್ರವಚನ, ನಾನು ಇಲ್ಲವೇ ನಮ್ಮ ಮನೆಯವರು, 45 ನಿಮಿಷ. ಕೃಷಿ ವಿಶ್ವವಿದ್ಯಾಲಯದ ಮಕ್ಕಳಿಗೆ ಅರ್ಥವಾಗಲಿ ಅಂತ ಇಂಗ್ಲಿಷ್‌ನಲ್ಲಿ. ಜುಲೈ ತಿಂಗಳಲ್ಲಿ 28 ಜನ ಇದ್ದದ್ದು ನವೆಂಬರ್ ಪರೀಕ್ಷೆ ಹೊತ್ತಿಗೆ 5 ಜನ ಆಗುತ್ತಿತ್ತು. ಈಗಿನ ಮಕ್ಕಳಿಗೆ ಭಕ್ತಿ ಇಲ್ಲ ಅಂದುಕೊಂಡೆ. ಜಾಸ್ತಿ ಪ್ರಾರ್ಥನೆ ಮಾಡಿದೆ, ಇನ್ನೂ ಜಾಸ್ತಿ ತಯಾರಿ ಮಾಡಿಕೊಂಡು ಇನ್ನೂ ಉದ್ದದ ಸಂದೇಶ ಕೊಟ್ಟೆ.

ಆ ದಿನಗಳಲ್ಲೇ ಒಬ್ಬ ಹುಡುಗ ಬರುವುದನ್ನು ನಿಲ್ಲಿಸಿದ. ಎಂ.ಎ. ಇತಿಹಾಸ, ಮೊದಲ ವರ್ಷ. ಒಳ್ಳೆಯ ದನಿ, ಕೀರ್ತನೆ ಹಾಡಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಮೂರು ವಾರ ಕಾಣಲಿಲ್ಲ. ನಾನು ಒಂದು ಮೆಸೇಜ್ ಕಳಿಸಿದೆ, ತಪ್ಪದೆ ಬಾ, ದೇವರ ಕೆಲಸಕ್ಕೆ ಸಮಯ ಕೊಡಬೇಕು ಅಂತ. ಉತ್ತರ ಬರಲಿಲ್ಲ. ಫೆಬ್ರುವರಿಯಲ್ಲಿ ಅವನ ರೂಮ್‌ಮೇಟ್ ಸಿಕ್ಕಿದಾಗ ವಿಷಯ ತಿಳಿಯಿತು. ಮೆಸ್ ಬಿಲ್ ಕಟ್ಟಲು ಆಗದೆ ಅವನು ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದ. ಭಾನುವಾರ ನಾಲ್ಕು ಕಾಸು ಸಿಗಲಿ ಅಂತ ಒಂದು ಗೋದಾಮಿನಲ್ಲಿ ಮೂಟೆ ಹೊರುವ ಕೂಲಿಗೆ ಹೋಗುತ್ತಿದ್ದ. ಎರಡನೇ ಸೆಮಿಸ್ಟರ್ ಶುರುವಾಗುವ ಮೊದಲೇ ಓದು ಬಿಟ್ಟು ಊರಿಗೆ ಹೋಗಿದ್ದ.

ಅವನ ಊರು ಹುಡುಕಿಕೊಂಡು ನಾವಿಬ್ಬರೂ ಹೋದೆವು. ಅವನು ಚಹಾ ಮಾಡಿಸಿದ, ನಗುತ್ತಾ ಮಾತಾಡಿದ, ವಾಪಸ್ ಬರಲು ಒಪ್ಪಲಿಲ್ಲ. ನಾನು ಕಳಿಸಿದ ಆ ಮೆಸೇಜ್ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಮರೆತಿಲ್ಲ.

ಬಂದ ಮೇಲೆ ನಾವು ಎರಡು ಕೆಲಸ ಮಾಡಿದೆವು. ಚಹಾ ಬಿಸ್ಕತ್ತಿನ ಬದಲು ಊಟ ಹಾಕಲು ಶುರು ಮಾಡಿದೆವು. ಅನ್ನ, ಸಾರು, ಒಂದು ಪಲ್ಯ, ಶೇಂಗಾ ಚಟ್ನಿ. ರೊಟ್ಟಿ ಬಡಿಯಲು ಬರುವ ಹುಡುಗಿಯರಿದ್ದ ವರ್ಷ ಜೋಳದ ರೊಟ್ಟಿ. ಹುಡುಗರೂ ತರಕಾರಿ ಹೆಚ್ಚಬೇಕು, ಪಾತ್ರೆ ತೊಳೆಯಬೇಕು. ಮಾಂಸ ಮಾಡುವುದಿಲ್ಲ, ಯಾರೇ ಗೆಳೆಯರು ಜೊತೆಗೆ ಬಂದರೂ ಸಂಕೋಚವಿಲ್ಲದೆ ಉಣ್ಣಲಿ ಅಂತ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಹೊರಬೀಳುವ ಮಾತು ಪಡಸಾಲೆಯ ಪ್ರಾರ್ಥನೆಯಲ್ಲಿ ಬರುವುದಿಲ್ಲ. ಅಪ್ಪನ ಕುಡಿತ, ಬ್ಯಾಕ್‌ಲಾಗ್, ಮದುವೆ ಒತ್ತಾಯ, ಎಲ್ಲವೂ ನನಗೆ ಗೊತ್ತಾದದ್ದು ಅಲ್ಲೇ.

ಎರಡನೆಯದು ಡಬ್ಬಿ. ಪುಸ್ತಕದ ಕಪಾಟಿನಲ್ಲಿ ಸತ್ಯವೇದಗಳ ಹಿಂದೆ ಒಂದು ಸ್ಟೀಲ್ ಡಬ್ಬಿ ಇಟ್ಟೆವು. ಮೊದಲು 2000 ರೂಪಾಯಿ ನಾವೇ ಹಾಕಿದೆವು. ಬೇಕಾದವರು ತಗೊಳ್ಳುವುದು, ಇದ್ದಾಗ ಹಾಕುವುದು. ಲೆಕ್ಕದ ಚೀಟಿ ಇಲ್ಲ, ಯಾರು ತಗೊಂಡರು ಅಂತ ಕೇಳುವುದಿಲ್ಲ. ನಮ್ಮ ಮನೆಯವರಿಗೆ ಬ್ಯಾಂಕಿನವರ ಸ್ವಭಾವ, ಒಂದು ವಹಿಯಾದರೂ ಇಡೋಣ ಅಂದರು. ವಹಿ ಇಟ್ಟರೆ ನಿಜವಾಗಿ ಬೇಕಾದವನು ಕೈ ಹಾಕುವುದಿಲ್ಲ ಅಂತ ನಾನು ಹಟ ಹಿಡಿದೆ. ಇಷ್ಟು ವರ್ಷದಲ್ಲಿ ಡಬ್ಬಿ ಪೂರ್ತಿ ಖಾಲಿಯಾಗಿದ್ದು ಎರಡು ಸಲ, ಎರಡೂ ಸಲ ಪರೀಕ್ಷಾ ಫೀ ಕಟ್ಟುವ ವಾರ. ನಾಲ್ಕು ವರ್ಷದ ಹಿಂದೆ ಕೆಲಸ ಸಿಕ್ಕಿದ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕಪಾಟಿನ ಮುಂದೆ ಒಂದು ನಿಮಿಷ ನಿಂತು ಹೋದ. ಆಮೇಲೆ ನೋಡಿದರೆ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ.

ಇನ್ನು ಭಾಷೆಯ ವಿಷಯ. ಇದನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕಂದರೆ ಬೇರೆ ಊರುಗಳಲ್ಲಿ ಇನ್ನೂ ಅದೇ ತಪ್ಪು ನಡೆಯುತ್ತಿರುವುದನ್ನು ನೋಡಿದ್ದೇನೆ. ಇಂಗ್ಲಿಷ್‌ನಲ್ಲಿ ನಡೆಸಿದಾಗ ನಮ್ಮ ಹಳ್ಳಿಯ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ತಲೆ ಆಡಿಸುತ್ತಿದ್ದರು, ಅಷ್ಟೇ. 2013ರಲ್ಲಿ ಎರಡು ಗುಂಪು ಮಾಡಿದೆವು. ಪಡಸಾಲೆಯಲ್ಲಿ ಕನ್ನಡ, ಒಳಕೋಣೆಯಲ್ಲಿ ಇಂಗ್ಲಿಷ್. ಅಧ್ಯಾಯ ಒಂದೇ, ಹಾಡು ಮತ್ತು ಊಟ ಒಟ್ಟಿಗೆ. ಗುಂಪು ಒಡೆದು ಹೋಗುತ್ತದೆ ಅಂತ ಕೆಲವರು ಹೆದರಿಸಿದರು. ಆದದ್ದು ಬೇರೆ. ಊಟದ ಹೊತ್ತಿಗೆ ಎರಡೂ ಕೋಣೆಯವರಿಗೆ ಒಬ್ಬರಿಗೊಬ್ಬರು ಹೇಳಲು ಏನೋ ಇರುತ್ತಿತ್ತು.

ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಿಂದ ಶುರು ಮಾಡಿದೆವು. 16 ಅಧ್ಯಾಯ, ಸೆಮಿಸ್ಟರ್‌ಗೆ ಹೆಚ್ಚುಕಡಿಮೆ 16 ವಾರ, ಸರಿಹೋಗುತ್ತದೆ. ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತಂದು, ಬಾಗಿಲಲ್ಲಿ ಜಾಗ ಸಿಗದೆ ಮನೆಯ ಮಾಳಿಗೆ ತೆಗೆದು ಯೇಸುವಿನ ಮುಂದೆ ಇಳಿಸುವ ಕಥೆ ಇದೆ. ನಾನು ಈ ಕಥೆಯ ಮೇಲೆ ಎಷ್ಟೋ ಸಂದೇಶ ಕೊಟ್ಟಿದ್ದೆ. ನಂಬಿಕೆ, ಪಾಪಕ್ಷಮೆ, ಎಲ್ಲವನ್ನೂ ಹೇಳಿದ್ದೆ. ಆ ದಿನ ರೋಣದ ಕಡೆಯ ಒಬ್ಬ ಹುಡುಗ, ಅಲ್ಲಿಯವರೆಗೆ ಒಂದು ಮಾತೂ ಆಡದವನು, ಕೇಳಿದ: "ಅಕ್ಕಾರ, ಮಾಳಗಿ ತಗದ್ರಲ್ಲ, ಅದನ್ನ ಮತ್ತ ಯಾರು ಮುಚ್ಚಿದ್ರು?"

ಅವನ ಮನೆ ಮಣ್ಣಿನ ಮಾಳಿಗೆಯದು. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಸವಳು ಮಣ್ಣು. ಮಳೆಗಾಲ ಬರುವ ಮುಂಚೆ ಪ್ರತಿ ವರ್ಷ ಮಣ್ಣು ಹಾಕಿ ಗಟ್ಟಿ ಮಾಡಬೇಕು. ಮಾಳಿಗೆ ತೆಗೆಯುವುದು ಅಂದರೆ ಏನು ಅಂತ ಅವನು ಕೈಯಲ್ಲಿ ತೋರಿಸಿ ಹೇಳಿದ. ಮೇಲಿಂದ ಮಣ್ಣು ಬೀಳುವಾಗ ಕೆಳಗೆ ಕೂತವರು ಸುಮ್ಮನಿದ್ದರೇ? ಮನೆಯವರು ಬೈಯಲಿಲ್ಲವೇ? ಆ ನಾಲ್ಕು ಜನ ಸಂಜೆ ಮತ್ತೆ ಮೇಲೆ ಹತ್ತಿರಬೇಕು ಅಂತ ಇನ್ನೊಬ್ಬ ಅಂದ. ಎದ್ದು ನಡೆದವನೇ ಮಣ್ಣು ಹೊತ್ತಿರಬೇಕು ಅಂತ ಹುಡುಗಿಯೊಬ್ಬಳು ಅಂದಳು. ಒಂದು ಗಂಟೆ ಮಾತು ನಿಲ್ಲಲಿಲ್ಲ. ನಾನು ಗೋಡೆಗೆ ಒರಗಿ ಕೂತು ಕೇಳಿದೆ. ಆ ಭಾನುವಾರದ ನಂತರ ನಾನು ಪಡಸಾಲೆಯಲ್ಲಿ ಸಂದೇಶ ಕೊಟ್ಟಿಲ್ಲ.

ಈಗ ಅಧ್ಯಯನ ನಡೆಸುವುದು ವಿದ್ಯಾರ್ಥಿಗಳೇ. ಅದಕ್ಕೆ ತಯಾರಿ ಬೇಕು, ಸುಮ್ನೆ ಬಿಟ್ಟರೆ ಆಗುವುದಿಲ್ಲ. ನಡೆಸುವವರು ಬುಧವಾರ ಸಂಜೆ ಬರುತ್ತಾರೆ. ಅಧ್ಯಾಯವನ್ನು ಮೂರು ಸಲ ಓದಿ ಆರು ಪ್ರಶ್ನೆ ಬರೆಯಬೇಕು. ಮೊದಲೆರಡು ಬರೀ ಕಣ್ಣಿಗೆ ಕಾಣುವುದನ್ನು ಕೇಳಬೇಕು: ಯಾರು ಇದ್ದಾರೆ, ಎಲ್ಲಿ, ಏನು ನಡೆಯಿತು. ಆಮೇಲೆ ಅರ್ಥದ ಪ್ರಶ್ನೆ. ಕೊನೆಯದು ಮಾತ್ರ ನಮ್ಮ ಹಾಸ್ಟೆಲ್, ನಮ್ಮ ಕ್ಲಾಸ್, ನಮ್ಮ ಮನೆಗೆ ಸೇರಿದ್ದು. ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಪ್ರಶ್ನೆಯನ್ನು ಹೊಡೆದು ಹಾಕುತ್ತೇವೆ. ತಾನು ಕೇಳಿದ್ದಕ್ಕೆ ತಾನೇ ಉತ್ತರ ಕೊಡಬಾರದು. ಯಾರೂ ಮಾತಾಡದಿದ್ದರೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಬೇಕು. ಎಲ್ಲರಿಗೂ ಕಷ್ಟವಾಗುವುದು ಈ ಎಣಿಕೆಯೇ. ಹನ್ನೆರಡಕ್ಕೋ ಹದಿನೈದಕ್ಕೋ ಯಾರಾದರೂ ಮಾತಾಡಿಯೇ ಆಡುತ್ತಾರೆ.

ಕಥೋಲಿಕ ಮಕ್ಕಳು ಬಂದಾಗ ಪದಗಳ ಗೊಂದಲ ಆಗುತ್ತದೆ. ದೇವರಿಗೆ ಅವರ ಬೈಬಲ್‌ನಲ್ಲಿ ಸರ್ವೇಶ್ವರ, ನಮ್ಮದರಲ್ಲಿ ಯೆಹೋವ. ಎರಡನ್ನೂ ಓದಿಸುತ್ತೇವೆ. ಬೇರೆ ಅನುವಾದ ಕಿವಿಗೆ ಬಿದ್ದಾಗ ಮಕ್ಕಳು ವಾಕ್ಯವನ್ನು ಇನ್ನೊಮ್ಮೆ ನೋಡುತ್ತಾರೆ.

2014ರಲ್ಲಿ ಇನ್ನೊಂದು ಪಾಠ ಆಯಿತು. ಅಧ್ಯಯನ ನಡೆಸುವ ವಿದ್ಯಾರ್ಥಿಗಳ ಆ ವರ್ಷದ ತಂಡ ಅಷ್ಟು ಚೆನ್ನಾಗಿತ್ತು ಅಂದರೆ ನಾವು ನಿಶ್ಚಿಂತೆಯಿಂದ ಇದ್ದೆವು. ಐದು ಜನರೂ ಕೊನೆಯ ವರ್ಷದವರು. ಮೇ ತಿಂಗಳಲ್ಲಿ ಐವರೂ ಒಟ್ಟಿಗೆ ಹೊರಟರು. ಜುಲೈಯಲ್ಲಿ ಬಾಗಿಲು ತೆರೆದು ಕೂತರೆ ಬಂದವರು ಮೂವರು, ಯಾರಿಗೂ ಏನೂ ಗೊತ್ತಿಲ್ಲ. ಎಂ.ಎ. ಎರಡೇ ವರ್ಷ, ನಾಲ್ಕು ಸೆಮಿಸ್ಟರ್. ಪ್ರತಿ ವರ್ಷ ಅರ್ಧ ಜನ ಹೋಗಿಬಿಡುತ್ತಾರೆ. ಇದು ಕ್ಯಾಂಪಸ್ ಕೆಲಸದ ದೊಡ್ಡ ಕಷ್ಟ. ಈಗ ತಂಡದಲ್ಲಿ ಕನಿಷ್ಠ ಇಬ್ಬರು ಮೊದಲ ವರ್ಷದವರು ಇರಲೇಬೇಕು. ಹೊಸ ತಂಡವನ್ನು ಫೆಬ್ರುವರಿಯಲ್ಲೇ ಆರಿಸುತ್ತೇವೆ. ಮೇ ತಿಂಗಳವರೆಗೆ ಹಳಬರು ಪಕ್ಕದಲ್ಲಿ ಕೂತು ನೋಡುತ್ತಾರೆ. ಒಂದು ಉದ್ದ ಪುಸ್ತಕ ಇದೆ, ಅದರಲ್ಲಿ ಹಳೆಯ ಪ್ರಶ್ನೆಗಳು, 30 ಜನಕ್ಕೆ ಎಷ್ಟು ಅಕ್ಕಿ, ಯಾವ ಹಾಸ್ಟೆಲ್‌ನಲ್ಲಿ ಯಾರಿದ್ದಾರೆ, ಎಲ್ಲವೂ ಇದೆ. ಆ ಪುಸ್ತಕ ಕೈ ಬದಲಾಗುವ ದಿನ ನಾವು ವಿಶೇಷವಾಗಿ ಪ್ರಾರ್ಥನೆ ಮಾಡುತ್ತೇವೆ.

ಬೇರೆ ಧರ್ಮದ ಗೆಳೆಯರೂ ಬರುತ್ತಾರೆ. ಇದರಲ್ಲಿ ಮುಚ್ಚುಮರೆ ಇರಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಬರೀ ಊಟಕ್ಕೆ ಬಾ ಅಂತ ಯಾರನ್ನೂ ಕರೆಯಬಾರದು. ನಮ್ಮಲ್ಲಿ ಪ್ರಾರ್ಥನೆ ಇರುತ್ತದೆ, ಯೇಸುವಿನ ಕಥೆ ಓದುತ್ತೇವೆ, ಇಷ್ಟವಿದ್ದರೆ ಕೂರಬಹುದು ಅಂತ ಮೊದಲೇ ಹೇಳಬೇಕು. ಡಬ್ಬಿ ಅವರಿಗೂ ಇದೆ, ಅದಕ್ಕೂ ನಂಬಿಕೆಗೂ ಗಂಟು ಹಾಕುವುದಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ ಮನೆ ಮಾಲೀಕರು ಸ್ವಲ್ಪ ಗಾಬರಿಯಾದರು. ಒಂದು ಭಾನುವಾರ ನೀವೇ ಬಂದು ಕೂತು ನೋಡಿ ಅಂದೆವು. ಗಂಡ ಹೆಂಡತಿ ಇಬ್ಬರೂ ಬಂದರು, ಕೊನೆಯವರೆಗೆ ಕೂತರು, ಉಂಡು ಹೋದರು. ಮಾರನೇ ವಾರ ಅವರ ಮನೆಯಿಂದ ಒಂದು ಚೀಲ ಬದನೆಕಾಯಿ ಬಂತು.

2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಮುಚ್ಚಿ ಎಲ್ಲರೂ ಊರಿಗೆ ಹೋದಾಗ ವಿಡಿಯೋ ಸಭೆ ಪ್ರಯತ್ನಿಸಿದೆವು. ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ, ಡೇಟಾಕ್ಕೆ ದುಡ್ಡಿಲ್ಲ. ಆಮೇಲೆ ಐದೈದು ಜನ ಸಾದಾ ಕಾನ್ಫರೆನ್ಸ್ ಕಾಲ್‌ನಲ್ಲಿ ಸೇರಿದರು. ಕೊಪ್ಪಳ ಕಡೆಯ ಹುಡುಗಿಯೊಬ್ಬಳು ಸಿಗ್ನಲ್‌ಗಾಗಿ ದಿನಾ ಮಾಳಿಗೆ ಹತ್ತುತ್ತಿದ್ದಳು. ಫೋನಿನಲ್ಲಿ ಅವಳ ಪ್ರಾರ್ಥನೆಯ ಜೊತೆ ಗುಬ್ಬಿಗಳ ದನಿಯೂ ಕೇಳುತ್ತಿತ್ತು.

ಓದು ಮುಗಿಸಿದವರಲ್ಲಿ ಜಾಸ್ತಿ ಜನ ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ದೊಡ್ಡ ಚರ್ಚುಗಳಿವೆ, ಆದರೂ ಒಂಟಿ ಅನಿಸುತ್ತದೆ ಅಂತ ಫೋನ್ ಮಾಡುತ್ತಾರೆ. ಇದಕ್ಕೆ ನನ್ನ ಹತ್ತಿರ ಪರಿಹಾರ ಇರಲಿಲ್ಲ. ಕಳೆದ ವರ್ಷ ಪೀಣ್ಯ ಕಡೆ ಇರುವ ಏಳು ಜನ ತಿಂಗಳಿಗೊಂದು ಭಾನುವಾರ ಯಾರದಾದರೂ ರೂಮಿನಲ್ಲಿ ಸೇರಿ ಅಡುಗೆ ಮಾಡಲು ಶುರು ಮಾಡಿದರು. ಬೈಬಲ್‌ನ ರೂತಳ ಪುಸ್ತಕದ ಪ್ರಶ್ನೆಗಳನ್ನು ಕಳಿಸಿ ಅಕ್ಕಾರ ಅಂದರು. ಉದ್ದ ಪುಸ್ತಕದ ಪುಟದ ಫೋಟೋ ತೆಗೆದು ಕಳಿಸಿದೆ. ಎರಡು ವಾರದ ನಂತರ ಅವರಿಂದ ಬೇರೆ ಪಟ್ಟಿ ಬಂತು, ನಮ್ಮವು ತಮಗೆ ಹೊಂದಲಿಲ್ಲ, ಹೊಸದಾಗಿ ಬರೆದಿದ್ದೇವೆ ಅಂತ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿ ಬರೆದದ್ದು ಎರಡನೇ ಪ್ರಶ್ನೆ: ಗೊತ್ತಿಲ್ಲದ ಊರಿನಲ್ಲಿ ಕೊಯ್ದ ಹೊಲದಲ್ಲಿ ಬಿದ್ದ ತೆನೆಯ ಹಕ್ಕಲು ಆಯಲು ಒಬ್ಬಳೇ ಹೊರಟ ರೂತಳು ಯಾರನ್ನು ಕೇಳಿ ಹೋದಳು, ಸಂಜೆ ಯಾರು ಅವಳ ದಾರಿ ಕಾಯುತ್ತಿದ್ದರು? ಈ ಸೆಮಿಸ್ಟರ್ ನಮ್ಮ ಪಡಸಾಲೆಯಲ್ಲಿ ಓದುತ್ತಿರುವುದು ಅವರ ಪಟ್ಟಿಯನ್ನೇ.