ಕೈಯಲ್ಲಿ ಎತ್ತಲಾಗದಷ್ಟು ಬೆಳೆದ ಮಗುವಿಗೆ ಸ್ಟ್ರಾಲರ್ ಆರಿಸುವಾಗ

ಆಟಿಕೆ, ತೊಟ್ಟಿಲು ಮಾರುವ ಅಂಗಡಿಯಲ್ಲಿ ಸಿಗುವ, ಮಗುವನ್ನು ಕೂರಿಸಿ ತಳ್ಳುವ ಸ್ಟ್ರಾಲರ್‌ಗಳು ಸಾಮಾನ್ಯವಾಗಿ 15ರಿಂದ 22 ಕಿಲೋ ಭಾರಕ್ಕೆಂದು ಮಾಡಿದವು. ಎಂಟು ಹತ್ತು ವರ್ಷದ, ತಾನಾಗಿ ಕೂರಲಾರದ ಮಗುವನ್ನು ಅದರಲ್ಲಿ ಕೂರಿಸಿದರೆ ಬಟ್ಟೆಯ ಸೀಟು ಜೋಲುತ್ತದೆ, ತೊಡೆಗಳು ಒಳಕ್ಕೆ ಕೂಡಿಕೊಳ್ಳುತ್ತವೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಸೆರೆಬ್ರಲ್ ಪಾಲ್ಸಿ (ಸಿಪಿ, ಮೆದುಳಿಗಾದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಮಕ್ಕಳಲ್ಲಿ ಸೊಂಟದ ಕೀಲು ಜಾರುವ, ಬೆನ್ನೆಲುಬು ಓರೆಯಾಗುವ ಅಪಾಯ ಮೊದಲೇ ಹೆಚ್ಚು. ಅಂಥ ಮಗುವಿಗೆ ಗಟ್ಟಿ ಸೀಟು, ಗಟ್ಟಿ ಬೆನ್ನಾಧಾರ ಇರುವ ವಿಶೇಷ ಸ್ಟ್ರಾಲರ್ ಬೇಕು.

ಅಂಗಡಿಗೆ ಹೋಗುವ ಮೊದಲು ಅಳತೆ ತೆಗೆಯಿರಿ. ಮಗುವನ್ನು ಬೆಂಚಿನ ಮೇಲೆ ಕೂರಿಸಿ ಒಬ್ಬರು ಹಿಂದಿನಿಂದ ಹಿಡಿದುಕೊಳ್ಳಲಿ, ಇನ್ನೊಬ್ಬರು ಟೇಪು ಹಿಡಿಯಲಿ. ಕುಂಡೆಯ ಹಿಂತುದಿಯಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ 32 ಸೆಂ.ಮೀ. ಇದ್ದರೆ ಸೀಟಿನ ಆಳ 29–30 ಸಾಕು. ಹೆಚ್ಚಾದರೆ ಸೀಟಿನ ಅಂಚು ಮೊಣಕಾಲ ಹಿಂದೆ ಒತ್ತುತ್ತದೆ, ಮಗು ಮುಂದಕ್ಕೆ ಜಾರುತ್ತಲೇ ಇರುತ್ತದೆ. ಆಗ ಬೆಲ್ಟ್ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ತಪ್ಪು ಇರುವುದು ಆಳದಲ್ಲಿ. ಸೊಂಟದ ಅಗಲ, ಮೊಣಕಾಲ ಮಡಿಕೆಯಿಂದ ಹಿಮ್ಮಡಿವರೆಗಿನ ಉದ್ದ, ಸೀಟಿನಿಂದ ಭುಜಕ್ಕೆ ಮತ್ತು ನೆತ್ತಿಗೆ ಇರುವ ಎತ್ತರ, ತೂಕ ಇವನ್ನೂ ಬರೆದಿಟ್ಟುಕೊಳ್ಳಿ. ಬೆಳೆಯುವ ಮಗು ಎಂದು ಎರಡು ಸೈಜು ದೊಡ್ಡದು ತರಬೇಡಿ. ಆಳ, ಕಾಲಿನ ಹಲಗೆ, ಬೆನ್ನಿನ ಎತ್ತರ ಹೊಂದಿಸಲು ಬರುವ ಗಾಡಿ ನೋಡಿ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಸೀಟು ಹಿಂದಕ್ಕೆ ವಾಲುವ ರೀತಿ. ಕೆಲವು ಗಾಡಿಗಳಲ್ಲಿ ಬೆನ್ನು ಮಾತ್ರ ಹಿಂದೆ ಮಲಗುತ್ತದೆ. ಆಗ ಸೊಂಟದ ಮಡಿಕೆ ಬಿಚ್ಚಿಕೊಳ್ಳುತ್ತದೆ. ಸ್ನಾಯು ಸೆಟೆಯುವ ಮಗು ಕಮಾನಿನಂತೆ ಚಾಚಿ ಕೆಳಕ್ಕೆ ಜಾರುತ್ತದೆ. ಸೀಟು, ಬೆನ್ನು ಎರಡೂ ಒಟ್ಟಿಗೇ ವಾಲುವ ಗಾಡಿಯಲ್ಲಿ ಕೂತ ಭಂಗಿ ಹಾಗೇ ಉಳಿಯುತ್ತದೆ. ಅದಕ್ಕೆ ಟಿಲ್ಟ್ ಎನ್ನುತ್ತಾರೆ. ಬೆಲೆ ಹೆಚ್ಚು, ತೂಕವೂ ಹೆಚ್ಚು. ಕುತ್ತಿಗೆ ನಿಲ್ಲದ ಮಗುವಿಗೆ ಆ ಖರ್ಚು ಸಾರ್ಥಕ. ಉಣಿಸುವಾಗ ಮಾತ್ರ ವಾಲಿಸಬೇಡಿ, ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು.

ಸೊಂಟದ ಬೆಲ್ಟ್ ಹೊಟ್ಟೆಯ ಮೇಲೆ ಅಲ್ಲ, ತೊಡೆ ಸೇರುವಲ್ಲಿ ಕೂರಬೇಕು. ಮೊದಲು ಅದನ್ನು ಹಾಕಿ, ಆಮೇಲೆ ಭುಜದ್ದು. ತೊಡೆಗಳ ನಡುವಿನ ದಿಂಬು ಕಾಲು ಅಗಲಿಸಿಡಲು ಇರುವುದು, ಜಾರುವುದನ್ನು ತಡೆಯಲು ಅಲ್ಲ. ಫಿಟ್ಸ್ ಬರುವ ಮಗುವಾದರೆ ಬಕಲ್ ಒಂದೇ ಸಲ ಒತ್ತಿದರೆ ಬಿಚ್ಚುವಂತಿರಲಿ.

ಇನ್ನು ದಾರಿ. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆ ಎಷ್ಟೋ ಮನೆಗಳಿಗೆ ರಸ್ತೆಯಿಂದ ತೋಟದ ಏರು ಇಳಿತ ದಾಟಿಯೇ ಹೋಗಬೇಕು. ಅಂಗೈಯಗಲದ ಚಕ್ರ ಮುರಕಲ್ಲಿನ ಜಲ್ಲಿಯಲ್ಲಿ ಅಡ್ಡ ತಿರುಗಿ ಗಕ್ಕನೆ ನಿಲ್ಲುತ್ತದೆ, ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಹಿಂದಿನ ಚಕ್ರ 12 ಇಂಚಿನದ್ದು, ಮುಂದಿನದು ನೇರಕ್ಕೆ ಲಾಕ್ ಆಗುವಂಥದ್ದು ಇರಲಿ. ಇಳಿಜಾರಿಗೆ ಕೈಬ್ರೇಕು ಮತ್ತು ತಳ್ಳುವವರ ಮಣಿಕಟ್ಟಿಗೆ ಹಾಕುವ ಪಟ್ಟಿ ಬೇಕೇಬೇಕು. ಗೇಟು, ಬಾಗಿಲ ಅಗಲವನ್ನು ಮೊದಲೇ ಅಳೆಯಿರಿ. ಹಿಡಿಕೆಗೆ ಚೀಲ ತೂಗು ಹಾಕಬೇಡಿ, ಏರಿನಲ್ಲಿ ಗಾಡಿ ಹಿಂದಕ್ಕೆ ಮಗುಚುತ್ತದೆ.

ಗಾಡಿಯೇ 12–20 ಕಿಲೋ ಇರುತ್ತದೆ. ಮಡಚಿ ರಿಕ್ಷಾದ ಹಿಂದೆಯೋ ಕಾರಿನ ಡಿಕ್ಕಿಯಲ್ಲೋ ಹಿಡಿಯುತ್ತದೆಯೇ, ತಾಯಿ ಒಬ್ಬರೇ ಎತ್ತಬಲ್ಲರೇ ಎಂದು ಇಟ್ಟೇ ನೋಡಿ. ವಾಹನದಲ್ಲಿ ಮಗುವನ್ನು ವಾಹನದ ಸೀಟಿಗೇ ಬದಲಿಸಿ ಕೂರಿಸಿ.

ದುಡ್ಡು ಕೊಡುವ ಮೊದಲು ಬಡ್ಸ್ ಶಾಲೆಗೆ (ಕೇರಳದಲ್ಲಿ ಪಂಚಾಯತ್ ಮುಂತಾದ ಸ್ಥಳೀಯ ಸಂಸ್ಥೆಗಳು ನಡೆಸುವ ವಿಶೇಷ ಮಕ್ಕಳ ಶಾಲೆ) ಬರುವ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಸರ್ಕಾರಿ ಸಾಧನ ತಯಾರಿಕಾ ಸಂಸ್ಥೆ ಅಲಿಮ್ಕೋದ ಸಿಪಿ ಕುರ್ಚಿಗೆ (ಸಿಪಿ ಮಕ್ಕಳಿಗೆಂದೇ ಮಾಡಿದ ಕುರ್ಚಿ) ಅರ್ಜಿ ಹಾಕಬಹುದು. ಅದು ಮನೆಯೊಳಗೆ ಕೂರಿಸಿ ಉಣಿಸಲು ಒಳ್ಳೆಯದು, ಗುಡ್ಡೆಯ ದಾರಿಗೆ ಆಗದು.

ತಂದ ದಿನ ಅರ್ಧ ಗಂಟೆ ಮಾತ್ರ ಕೂರಿಸಿ, ಇಳಿಸಿ ಬಟ್ಟೆ ಸರಿಸಿ ಕುಂಡೆ, ಬಾಲದೆಲುಬು, ಮೊಣಕಾಲ ಹಿಂಬದಿ ನೋಡಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ಹೋಗಬಹುದು. ಮುಟ್ಟಿದರೆ ಬಿಸಿ, ಗಟ್ಟಿ ಅನಿಸುತ್ತದೆಯೇ ನೋಡಿ. ಅರ್ಧ ಗಂಟೆಯಲ್ಲಿ ಗುರುತು ಮಾಯದಿದ್ದರೆ ಮತ್ತೆ ಕೂರಿಸದೆ ಸೀಟು ಸರಿಮಾಡಿಸಿ. ಮಳೆಗಾಲದಲ್ಲಿ ಕವರು ಕಳಚಿ ಒಣಗಿಸಿ. ಒದ್ದೆ ಫೋಮಿನ ಮೇಲೆ ಕೂತ ಚರ್ಮ ಬೇಗ ಒಡೆಯುತ್ತದೆ.