ಗಾಜಿನ ಮುಖ ನೋಡಿ ಕ್ಯಾಬಿನೆಟ್ ಕೊಳ್ಳಬೇಡಿ

ಕಳೆದ ಏಪ್ರಿಲ್‌ನಲ್ಲಿ ಉಡುಪಿಯಿಂದ ಅಕ್ಕನ ಮಗ ಫೋನ್ ಮಾಡಿದ. ಹೊಸ ಕಂಪ್ಯೂಟರ್, ಎರಡು ತಿಂಗಳೂ ಆಗಿರಲಿಲ್ಲ. "ಮಾವ, ಗೇಮ್ ಹಾಕಿ ಹತ್ತು ನಿಮಿಷಕ್ಕೆ ಫ್ಯಾನ್ ಜೋರು ಕೂಗ್ತದೆ. ಆಮೇಲೆ ಚಿತ್ರ ನಿಂತು ನಿಂತು ಬರ್ತದೆ."

ಹೋಗಿ ನೋಡಿದೆ. ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಡಬ್ಬ, ಅದರ ಮುಂಭಾಗಕ್ಕೆ ಪೂರ್ತಿ ಗಾಜು. ಅದರ ಹಿಂದೆ ಬಣ್ಣಬಣ್ಣದ ಮೂರು ಫ್ಯಾನ್. ಗಾಜಿಗೂ ಫ್ಯಾನಿಗೂ ನಡುವೆ ಕಿರುಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಆದರೆ ಎಳೆದುಕೊಳ್ಳಲು ಗಾಳಿ ಎಲ್ಲಿಂದ ಬರಬೇಕು? ಗೇಮ್ ಓಡುತ್ತಿರುವಾಗಲೇ ಆ ಗಾಜನ್ನು ಬಿಚ್ಚಿ ಮಂಚದ ಮೇಲಿಟ್ಟೆ. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಬಿಸಿ 84 ಡಿಗ್ರಿಯಿಂದ ಹತ್ತು ನಿಮಿಷದೊಳಗೆ 73ಕ್ಕೆ ಇಳಿಯಿತು. ಅದೇ ಕಾರ್ಡ್, ಅದೇ ಕೋಣೆ, ಅದೇ ಗೇಮ್.

ಇಂಥದ್ದನ್ನು ಮಂಗಳೂರು, ಉಡುಪಿ, ಮಣಿಪಾಲದ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡವರು ಕ್ಯಾಬಿನೆಟ್ಟನ್ನು ಮಾತ್ರ ಅಂಗಡಿಯ ಕೌಂಟರಿನಲ್ಲಿ ನಿಂತು ಐದು ನಿಮಿಷದಲ್ಲಿ ಆರಿಸಿಬಿಡುತ್ತಾರೆ. ಕಂಪ್ಯೂಟರ್ 300 ವ್ಯಾಟ್ ಕರೆಂಟ್ ಎಳೆದರೆ, ಆ 300 ವ್ಯಾಟೂ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಹಳೇ ಕಾಲದ 100 ವ್ಯಾಟಿನ ಮೂರು ಬಲ್ಬುಗಳನ್ನು ಒಂದು ತಗಡಿನ ಡಬ್ಬದೊಳಗೆ ಉರಿಸಿದ ಹಾಗೆ. ಬಿಸಿ ಹೊರಗೆ ಹೋಗಲು ದಾರಿ ಬೇಕು, ಅಲ್ವಾ?

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಷ್ಟ. ಎಷ್ಟೇ ಫ್ಯಾನ್ ಹಾಕಿದರೂ ಕ್ಯಾಬಿನೆಟ್ಟಿನ ಒಳಗಿನ ಗಾಳಿ ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಯೂಟ್ಯೂಬಿನಲ್ಲಿ ತಣ್ಣನೆಯ ಕೋಣೆಯಲ್ಲಿ ಕೂತು ಅಳೆದವರಿಗೆ 65 ಡಿಗ್ರಿ ಬಂದಿದ್ದರೆ, ಏಪ್ರಿಲ್‌ನ ನಮ್ಮ 33 ಡಿಗ್ರಿ ಕೋಣೆಯಲ್ಲಿ ಅದು 75 ದಾಟಬಹುದು. ಹಾಗಾಗಿ ಬೇರೆ ಊರಿನವರಿಗೆ ನಡೆದುಹೋಗುವ ಕ್ಯಾಬಿನೆಟ್ ನಮಗೆ ಸಾಕಾಗುವುದಿಲ್ಲ.

1. ಅಳತೆ ಬರೆದುಕೊಳ್ಳಿ

ಇದು ಸುಲಭ. ಎಲ್ಲ ಭಾಗಗಳನ್ನೂ ಜೋಡಿಸುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡ್, ಎಟಿಎಕ್ಸ್ ಅಳತೆಯದ್ದಾದರೆ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ ಆದರೆ 244×244, ಮಿನಿ ಐಟಿಎಕ್ಸ್ ಆದರೆ 170×170. ಗ್ರಾಫಿಕ್ಸ್ ಕಾರ್ಡಿನ ಉದ್ದ, ಪ್ರೊಸೆಸರನ್ನು ತಣ್ಣಗಿಡುವ ಕೂಲರಿನ ಎತ್ತರ ನೋಡಿ. ಮೂರು ಫ್ಯಾನಿನ ಕಾರ್ಡುಗಳಲ್ಲಿ 300 ಮಿ.ಮೀ. ದಾಟುವವು ಬಹಳ ಇವೆ. ದೊಡ್ಡ ಟವರ್ ಕೂಲರುಗಳು 160 ಮಿ.ಮೀ. ಆಸುಪಾಸು ಇರುತ್ತವೆ. ಈ ಮೂರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಕ್ಯಾಬಿನೆಟ್ಟಿನ ಪೆಟ್ಟಿಗೆಯ ಮೇಲೆ ಇರುವ ಅಂಕಿಗಿಂತ ನಿಮ್ಮ ಕಾರ್ಡಿನ ಉದ್ದ 20 ಮಿ.ಮೀ. ಆದರೂ ಕಮ್ಮಿ ಇರಲಿ.

2. ಮುಂಭಾಗವನ್ನು ಕೈಯಿಂದ ಮುಟ್ಟಿ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯಲ್ಲಿ ಕ್ಯಾಬಿನೆಟ್ಟನ್ನು ಬಣ್ಣದ ಲೈಟ್ ಹಾಕಿ ಇಟ್ಟಿರುತ್ತಾರೆ. ಮೊದಲು ಆ ಲೈಟ್ ಆರಿಸಲು ಹೇಳಿ. ಆಮೇಲೆ ಮುಂದೆ ಕೂತು ಒಳಗಿನ ಫ್ಯಾನ್ ಕಾಣುತ್ತದಾ ನೋಡಿ. ಜಾಲರಿ ಮೂಲಕ ಕಂಡರೆ ಒಳ್ಳೆಯದು. ಗಾಜಿನ ಮೂಲಕ ಕಂಡರೆ ಗಾಳಿ ಬದಿಯ ಸಂದಿನಿಂದ ಮಾತ್ರ ಬರಬೇಕು. ಆ ಸಂದಿಗೆ ಕಿರುಬೆರಳು ಹಾಕಿ ನೋಡಿ. ಸಲೀಸಾಗಿ ಹೋಗದಿದ್ದರೆ ಅದನ್ನು ಅಲ್ಲೇ ಬಿಡಿ. ನನ್ನ ಮಾತು ಕೇಳುವುದಾದರೆ ಮುಂಭಾಗಕ್ಕೆ ಗಾಜು ಬೇಡವೇ ಬೇಡ. ಗಾಜು ಬೇಕು ಅನಿಸಿದರೆ ಪಕ್ಕಕ್ಕೆ ಇರಲಿ.

ಜಾಲರಿ ಅಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಮುಂಭಾಗವನ್ನು ಕಳಚಿ ಕೊಡಲು ಕೇಳಿ. ಹೆಚ್ಚಿನವು ಕ್ಲಿಪ್ ಮೇಲೆ ನಿಂತಿರುತ್ತವೆ, ಕೆಳಗಿನಿಂದ ಎಳೆದರೆ ಬರುತ್ತವೆ. ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಎದುರು ಮಾಡಿ. ಬೆಳಕು ಧಾರಾಳವಾಗಿ ಬಂದರೆ ಗಾಳಿಯೂ ಬರುತ್ತದೆ. ಕೆಲವು ಜಾಲರಿ ಬರೀ ಅಲಂಕಾರಕ್ಕೆ, ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಇನ್ನು ಕೆಲವದರಲ್ಲಿ ಜಾಲರಿಯ ಹಿಂದೆ ಸ್ಪಂಜಿನ ದಪ್ಪ ಪದರ ಇರುತ್ತದೆ. ಇದು ನನಗೆ ಒಂಚೂರೂ ಇಷ್ಟವಿಲ್ಲ. ಗಾಳಿಯನ್ನೂ ತಡೆಯುತ್ತದೆ, ನಮ್ಮ ತೇವಕ್ಕೆ ಕೆಲವು ವರ್ಷದಲ್ಲಿ ಪುಡಿಪುಡಿಯೂ ಆಗುತ್ತದೆ. ತೆಳ್ಳಗಿನ ನೈಲಾನ್ ಫಿಲ್ಟರ್ ಇರಬೇಕು, ಸ್ಕ್ರೂ ಬಿಚ್ಚದೆ ಎಳೆದು ತೆಗೆಯುವ ಹಾಗಿರಬೇಕು. ತೆಗೆಯಲು ಕಷ್ಟವಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ.

ಮುರಕಲ್ಲಿನ ಅಂಗಳ, ಕಂಪೌಂಡ್ ಇರುವ ಮನೆಗಳಲ್ಲಿ ಜನವರಿಯಿಂದ ಮೇ ತನಕ ಕೆಂಪು ಧೂಳು ಹೇಗೆ ಬರುತ್ತದೆ ಅಂತ ಗೊತ್ತಲ್ಲ. ನಮ್ಮ ಮನೆಯ ಕಪ್ಪು ಫಿಲ್ಟರ್ ಮೂರು ವಾರಕ್ಕೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ.

ಈಗಾಗಲೇ ಕ್ಯಾಬಿನೆಟ್ ಕೊಂಡವರಿಗೂ ಒಂದು ಪರೀಕ್ಷೆ ಇದೆ. ಎಚ್‌ಡಬ್ಲ್ಯುಇನ್ಫೋ ಎಂಬ, ಬಿಸಿ ಎಷ್ಟೆಂದು ತೋರಿಸುವ ಉಚಿತ ತಂತ್ರಾಂಶ ಹಾಕಿ ಇಪ್ಪತ್ತು ನಿಮಿಷ ಗೇಮ್ ಆಡಿ, ಬಿಸಿ ಎಷ್ಟು ಅಂತ ಬರೆದಿಡಿ. ಮುಂಭಾಗ ಕಳಚಿ ಇನ್ನೊಂದು ಇಪ್ಪತ್ತು ನಿಮಿಷ ಆಡಿ. ಎರಡು ಡಿಗ್ರಿ ಇಳಿದರೆ ಚಿಂತೆಯಿಲ್ಲ. ಏಳೆಂಟು ಡಿಗ್ರಿ ಇಳಿದರೆ ತಪ್ಪು ಆ ಮುಂಭಾಗದ್ದು. ಇದನ್ನು ನೋಡದೆ ಸುಮ್ನೆ ದುಬಾರಿ ಕೂಲರ್ ಕೊಂಡು ದುಡ್ಡು ಹಾಳು ಮಾಡಬೇಡಿ.

3. ಫ್ಯಾನ್: ಎಷ್ಟು, ಎಲ್ಲಿ, ಯಾವ ಕಡೆಗೆ

ಹಂಚಿನ ಮನೆ ನೆನಪಿಸಿಕೊಳ್ಳಿ. ಗಾಳಿ ಕಿಟಕಿಯಿಂದ ಒಳಗೆ ಬರುತ್ತದೆ, ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿಯಿಂದ ಹೋಗುತ್ತದೆ. ಕ್ಯಾಬಿನೆಟ್ಟಿನಲ್ಲೂ ಹಾಗೆಯೇ. ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಮುಂದೆ ಎರಡು 140 ಅಥವಾ ಮೂರು 120 ಮಿ.ಮೀ. ಫ್ಯಾನ್, ಹಿಂದೆ ಒಂದು 120. ಹೆಚ್ಚಿನ ಮನೆಗಳಿಗೆ ಇಷ್ಟೇ ಸಾಕು. ಇನ್ನೊಂದು ಬೇಕೆಂದರೆ ಮೇಲ್ಭಾಗದಲ್ಲಿ ಹಿಂದಿನ ಮೂಲೆಗೆ ಹಾಕಿ. ಮೇಲ್ಭಾಗದ ಮುಂದಿನ ಮೂಲೆಗೆ ಹಾಕಿದರೆ, ಈಗಷ್ಟೇ ಒಳಗೆ ಬಂದ ತಣ್ಣನೆ ಗಾಳಿಯನ್ನು ಪ್ರೊಸೆಸರ್ ತಲುಪುವ ಮೊದಲೇ ಎಳೆದು ಹೊರಹಾಕುತ್ತದೆ.

ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ತುಸು ಜಾಸ್ತಿ ಇರಲಿ. ಆಗ ಗಾಳಿ ಫಿಲ್ಟರಿನ ಮೂಲಕವೇ ಬರುತ್ತದೆ. ಹೊರಗೆ ಎಳೆಯುವುದು ಜಾಸ್ತಿಯಾದರೆ ಸಿಕ್ಕಸಿಕ್ಕ ಸಂದಿಯಿಂದೆಲ್ಲ ಧೂಳು ಒಳಗೆ ನುಗ್ಗುತ್ತದೆ.

ಫ್ಯಾನ್ ಯಾವ ಕಡೆಗೆ ಊದುತ್ತದೆ ಅಂತ ತಿಳಿಯಲು ಅದರ ಹಿಂಭಾಗ ನೋಡಿ. ನಡುವಿನ ಮೋಟಾರನ್ನು ಹಿಡಿದ ಕಡ್ಡಿಗಳು ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ರಿವರ್ಸ್ ಬ್ಲೇಡ್ ಅಂತ ಬರೆದ ಫ್ಯಾನುಗಳಲ್ಲಿ ಮಾತ್ರ ಇದು ಉಲ್ಟಾ. ನಂಬಿಕೆ ಬಾರದಿದ್ದರೆ ಒಂದು ಊದುಬತ್ತಿ ಹಚ್ಚಿ. ಮುಂಭಾಗದಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಹೊಗೆಯ ಎಳೆ ಬಗ್ಗಿ ಜಾಲರಿಯೊಳಗೆ ನೇರ ಹೋಗಬೇಕು. ಹಿಂದಿನ ಫ್ಯಾನಿನ ಹತ್ತಿರ ತಂದರೆ ಹೊಗೆ ಚದುರಿ ನಿಮ್ಮ ಕಡೆಗೆ ಬರಬೇಕು. ಹಿಂಭಾಗದ ಸಂದಿಗಳಲ್ಲಿ ಹೊಗೆ ಒಳಗೆ ಹೋಗುತ್ತಿದ್ದರೆ ಒಳಬರುವ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಅರ್ಧ ನಿಮಿಷ ಸಾಕು. ಬೂದಿ ಬೀಳದ ಹಾಗೆ ಹಿಡಿಯಿರಿ.

ಜೊತೆಗೆ ಬರುವ ಫ್ಯಾನಿನ ವೈರ್ ನೋಡಲು ಮರೆಯಬೇಡಿ. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ನಾಲ್ಕು ದಪ್ಪ ಪಿನ್ನಿನ ಮೋಲೆಕ್ಸ್ ಕನೆಕ್ಟರ್ ಇರುತ್ತದೆ. ಅದು ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪವರ್ ಸಪ್ಲೈಗೆ ನೇರ ಹೋಗುತ್ತದೆ, ಫ್ಯಾನ್ ಸದಾ ಒಂದೇ ವೇಗದಲ್ಲಿ ಕೂಗುತ್ತಿರುತ್ತದೆ. ಮದರ್‌ಬೋರ್ಡಿಗೆ ಹಾಕುವ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನ್ ಇದ್ದರೆ ಬಿಸಿಗೆ ತಕ್ಕ ಹಾಗೆ ವೇಗ ಬದಲಾಗುತ್ತದೆ. ಲೈಟಿನ ಆರು ಫ್ಯಾನಿಗಿಂತ ಇಂಥ ಮೂರು ಮೇಲು.

4. ತಗಡು, ತುಕ್ಕು, ಹಲ್ಲಿ

ಪಕ್ಕದ ತಗಡನ್ನು ಹೆಬ್ಬೆರಳಿನಿಂದ ಒತ್ತಿ. ಡಬ್ಬದ ಮುಚ್ಚಳದ ಹಾಗೆ ಒಳಗೆ ಹೋಗಿ ಬಂದರೆ ಬೇಡ, ಫ್ಯಾನ್ ತಿರುಗುವಾಗ ಅದು ಗುಂಯ್ ಅನ್ನುತ್ತದೆ. ಅಂಚುಗಳಲ್ಲಿ ಪೇಂಟ್ ಸರಿಯಾಗಿ ಕೂತಿದೆಯಾ ನೋಡಿ. ಮಲ್ಪೆ, ಉಳ್ಳಾಲ, ಪಣಂಬೂರಿನ ಕಡೆ ಉಪ್ಪುಗಾಳಿಗೆ ಪೇಂಟ್ ಇಲ್ಲದ ಅಂಚು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಹಿಂಭಾಗದಲ್ಲಿ ಕಾರ್ಡುಗಳಿಗಾಗಿ ಬಿಟ್ಟ ಸ್ಲಾಟುಗಳ ಮುಚ್ಚಳ ಸ್ಕ್ರೂ ಹಾಕಿದ್ದಾಗಿರಲಿ. ಮುರಿದು ತೆಗೆಯುವ ಮುಚ್ಚಳವಾದರೆ ಒಮ್ಮೆ ಮುರಿದ ಮೇಲೆ ಕಂಡಿ ಹಾಗೇ ಉಳಿಯುತ್ತದೆ. ಮಂಗಳೂರಿನಲ್ಲಿ ಗೆಳೆಯರೊಬ್ಬರ ಕಂಪ್ಯೂಟರ್ ಆನ್ ಆಗುವುದಿಲ್ಲ ಅಂತ ಬಿಚ್ಚಿದಾಗ, ಆ ಕಂಡಿಯಿಂದ ಹೋದ ಹಲ್ಲಿಯೊಂದು ಮದರ್‌ಬೋರ್ಡಿನ ಹಿಂದೆ ಒಣಗಿ ಅಂಟಿಕೊಂಡಿತ್ತು.

5. ಇನ್ನು ಅಂದ

ಗಾಳಿಗಾಗಿ ಚಂದ ಬಿಡಬೇಕು ಅಂತ ಏನೂ ಇಲ್ಲ ಮಾರಾಯ್ರೆ. ಆ ಕಾಲ ಹೋಯಿತು. ಎನ್‌ಜೆಡ್‌ಎಕ್ಸ್‌ಟಿ ಕಂಪೆನಿ ತನ್ನ ಮುಚ್ಚಿದ ಮುಖದ ಎಚ್510ಕ್ಕೆ ಆಮೇಲೆ ಜಾಲರಿ ಹಾಕಿ ಫ್ಲೋ ಅಂತ ತಂದಿತು. ಕೋರ್ಸೇರ್ 4000ಡಿ ಏರ್‌ಫ್ಲೋ ಸಾದಾ, ಗಟ್ಟಿ. ನನಗೆ ಎಲ್ಲಕ್ಕಿಂತ ಇಷ್ಟ 2022ರಲ್ಲಿ ಬಂದ ಫ್ರ್ಯಾಕ್ಟಲ್ ನಾರ್ತ್. ಮುಂಭಾಗಕ್ಕೆ ಮರದ ಪಟ್ಟಿಗಳು, ನಡುವೆ ಸಂದು, ಹಿಂದೆ ಗಾಳಿಗೆ ದಾರಿ. ನಮ್ಮ ಹಳೇ ಮನೆಗಳ ಜಗಲಿಗೆ ಮರದ ರೀಪು ಹೊಡೆದ ಹಾಗೆಯೇ ಕಾಣುತ್ತದೆ. ಅಷ್ಟು ಬಜೆಟ್ ಇಲ್ಲದಿದ್ದರೆ ನಾಲ್ಕೈದು ಸಾವಿರ ರೂಪಾಯಿಯಲ್ಲೂ ಒಳ್ಳೆಯ ಜಾಲರಿ ಕ್ಯಾಬಿನೆಟ್ ಸಿಗುತ್ತದೆ. ಬಿಳಿ ಬಣ್ಣ ಬೇಡ, ಕೆಂಪು ಧೂಳು ಎದ್ದು ಕಾಣುತ್ತದೆ.

6. ಇಡುವ ಜಾಗ

ನೆಲದ ಮೇಲೆ ಇಡಬೇಡಿ. ನೆಲ ಒರೆಸುವ ನೀರು ತಾಗುತ್ತದೆ, ಕೆಳಗಿನಿಂದ ಗಾಳಿ ಎಳೆಯುವ ಪವರ್ ಸಪ್ಲೈಗೆ ಧೂಳು ತುಂಬುತ್ತದೆ. ಒಂದು ಮಣೆಯ ಮೇಲಾದರೂ ಇಡಿ. ಹಿಂದೆ ಗೋಡೆಗೆ ಒಂದು ಗೇಣು ಬಿಡಿ. ಮೇಜಿನ ಕೆಳಗಿನ ಬಾಗಿಲಿರುವ ಗೂಡಿನಲ್ಲಿ ಇಟ್ಟರೆ ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ.

ಮಳೆಗಾಲದಲ್ಲಿ ಕಿಟಕಿಯಿಂದ ದೂರ ಸರಿಸಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಪ್ರಯೋಜನವಿಲ್ಲ. ಜಾಲರಿ ಇರುವ ಡಬ್ಬದಲ್ಲಿ ಅದು ಬೇಗನೆ ತೇವ ಕುಡಿದು ಸುಮ್ಮನಾಗುತ್ತದೆ. ಅದರ ಬದಲು ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಕಂಪ್ಯೂಟರ್ ಆನ್ ಮಾಡಿಡಿ, ಅದರ ಬಿಸಿಗೇ ತೇವ ಹೋಗುತ್ತದೆ. ಫಿಲ್ಟರನ್ನು ಬೇಸಿಗೆಯಲ್ಲಿ ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ. ಮಳೆಗಾಲದಲ್ಲಿ ತೊಳೆದದ್ದನ್ನು ಫ್ಯಾನಿನ ಕೆಳಗೆ ಒಂದಿಡೀ ರಾತ್ರಿ ಒಣಗಿಸಿ, ಬೆಳಿಗ್ಗೆ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ, ಹಾಕಬೇಡಿ.